ನಗುವಾಗ ಕೈಜಾರಿದ ಲೆನ್ಸ್

ಸುತ್ತಲೂ ಕೋಟೆಯಿದ್ದ ಒಂದು ಊರು. ಊರೆಂದ ಮೇಲೆ ಒಂದು ಕಟ್ಟಳೆ ಬೇಕಲ್ಲ, ಅಲ್ಲಿಯೂ ಇತ್ತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆ ಮರಳುವಾಗ ಹೆಬ್ಬಾಗಿಲಲ್ಲಿ ತಮ್ಮ ಚಿತ್ರ ತೋರಿಸಿ ಒಳಗೆ ಬರಬೇಕು. ಪ್ರತಿ ಯುಗಾದಿಗೆ ಚಾವಡಿಯಲ್ಲಿ ಹಳೆಯ ಚಿತ್ರಗಳನ್ನು ಸುಟ್ಟು ಹೊಸದು ತೆಗೆದುಕೊಡುತ್ತಿದ್ದರು. ನಲವತ್ತು ವರ್ಷ ಆ ಚಿತ್ರಗಳನ್ನು ತೆಗೆದವನು ನಾಗೋಜಿ, ಅದೂ ಒಂದೇ ಲೆನ್ಸಿನಲ್ಲಿ.

ಆ ಲೆನ್ಸಿನಲ್ಲಿ ಎಳ್ಳುಕಾಳಿನಷ್ಟು ಚಕ್ಕೆ ಎದ್ದಿತ್ತು. ಮದುವೆಯಾದ ಹೊಸತರಲ್ಲಿ ಹೆಂಡತಿ ಹೊನ್ನವ್ವ ಅದನ್ನು ಒರೆಸುತ್ತಿದ್ದಾಗ, ಇವನ ಯಾವುದೋ ಮಾತಿಗೆ ಬಿದ್ದು ಬಿದ್ದು ನಕ್ಕು ಕೈಜಾರಿಸಿದ್ದಳು. ಅಂದಿನಿಂದ ಎಲ್ಲರ ಚಿತ್ರದ ಎಡಮೂಲೆಯಲ್ಲೂ ಒಂದು ಬಿಳಿ ಚುಕ್ಕೆ. ಈಗ ಹೊನ್ನವ್ವ ಇರಲಿಲ್ಲ. ಆ ಮಾತೇನೆಂಬುದೂ ನಾಗೋಜಿಗೆ ಮರೆತುಹೋಗಿತ್ತು. ಆದರೂ ಚುಕ್ಕೆ ಮೂಡಿದಾಗಲೆಲ್ಲ ಅವಳು ಪಕ್ಕದಲ್ಲೇ ನಕ್ಕಂತಾಗುತ್ತಿತ್ತು.

ಒಂದು ವರ್ಷ ಚಾವಡಿಗೆ ಹೊಸ ಕ್ಯಾಮೆರಾ ಬಂತು. ಅದರ ಬಾಯಿ ಅಗಲ, ಹಳೆಯ ಲೆನ್ಸ್ ಕೂರಲಿಲ್ಲ.

“ಸ್ವಾಮಿ, ನಡುವೆ ಒಂದು ಹಿತ್ತಾಳೆ ಬಳೆ ಹಾಕಿದರೆ ಕೂರುತ್ತದೆ,” ಎಂದ ನಾಗೋಜಿ.

ಊರಿನ ಪಾರುಪತ್ಯಗಾರ ತಲೆಯೆತ್ತಲಿಲ್ಲ. “ಹೊಸ ಮುಖಕ್ಕೆ ಹಳೇ ಕಣ್ಣು ಯಾಕಯ್ಯ? ಅದರ ಕಾಲ ಮುಗಿಯಿತು. ನೀನೂ ಮನೆಯಲ್ಲಿ ಹಾಯಾಗಿರು.”

ನಾಗೋಜಿ ಲೆನ್ಸನ್ನು ಹೆಗಲವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ಬಂದ. ಆದರೂ ಯಾರಾದರೂ ಕರೆದಾರು ಎಂದು ಬಳೆ ಮಾಡಿಟ್ಟುಕೊಂಡ.

ಯುಗಾದಿಗೆ ಹೊಸ ಚಿತ್ರಗಳು ಬಂದವು. ಹುಬ್ಬಿನ ಕೂದಲು ಎಣಿಸಬಹುದು, ಅಷ್ಟು ಸ್ವಚ್ಛ. ಮರುದಿನ ಸಂಜೆ ಹೊಲದಿಂದ ಬಂದವರನ್ನು ಕಾವಲುಗಾರರು ಹೆಬ್ಬಾಗಿಲಲ್ಲೇ ತಡೆದರು. ಪಾಪ, ಅವರು ಯಾವತ್ತೂ ಮುಖ ನೋಡಿದವರಲ್ಲ. ಚುಕ್ಕೆಯೇ ಚಾವಡಿಯ ಮೊಹರು ಎಂದುಕೊಂಡು ಅದನ್ನಷ್ಟೇ ನೋಡಿ ಒಳಗೆ ಬಿಡುತ್ತಿದ್ದರು.

“ನಾನು ನಿನ್ನ ಸೋದರತ್ತೆ ಕಣೋ,” ಎಂದಳು ಒಬ್ಬಳು.

“ಇಲ್ಲ ಅಂದವರಾರು ಅತ್ತೆ? ಚುಕ್ಕೆ ಎಲ್ಲಿ?”

ಹೊತ್ತು ಮುಳುಗುವಷ್ಟರಲ್ಲಿ ಇಡೀ ಊರೇ ಹೊರಗಿತ್ತು. ಪಾರುಪತ್ಯಗಾರನ ತಾಯಿಯೂ ಅಲ್ಲೇ ನಿಂತಿದ್ದಳು. ಚಾವಡಿಯಿಂದ ಕರೆ ಬಂದದ್ದೇ ತಡ, ನಾಗೋಜಿ ಲೆನ್ಸು, ಬಳೆ ಎರಡನ್ನೂ ಹಿಡಿದು ಓಡಿದ. ಅವನ ಸಂತೋಷ ಹೇಳತೀರದು.

ಪಾರುಪತ್ಯಗಾರ ಕೈ ಅಡ್ಡ ಹಿಡಿದ. “ಹಳೆಯದನ್ನೇ ಹಚ್ಚಿದರೆ ಚಾವಡಿಯ ಮರ್ಯಾದೆ ಏನಾಗಬೇಕು? ಲೆನ್ಸ್ ಹೊಸದೇ ಇರಲಿ. ಚುಕ್ಕೆ ಹೇಗೆ ಮಾಡಿದೆ, ಅದನ್ನು ಹೇಳು.”

“ಮಾಡಿದ್ದಲ್ಲ ಸ್ವಾಮಿ. ನಗುತ್ತಿದ್ದವರ ಕೈಯಿಂದ ಜಾರಿದ್ದು.”

ಪಾರುಪತ್ಯಗಾರ ಅದನ್ನು ಬರೆಸಿಕೊಂಡ. ಸ್ವಲ್ಪ ಹೊತ್ತಿಗೆಲ್ಲ ಗುಮಾಸ್ತರು ಒಂದೊಂದು ಹೊಸ ಲೆನ್ಸ್ ಹಿಡಿದು ಸಾಲಾಗಿ ನಿಂತರು. ನಗಬೇಕೆಂದು ಅಪ್ಪಣೆಯಾಯಿತು. ಯಾರಿಗೂ ನಗು ಬರಲಿಲ್ಲ.

ಮೆಟ್ಟಿಲ ಮೇಲೆ ಕೂತು ಅವರ ಮುಖಗಳನ್ನೇ ನೋಡುತ್ತಿದ್ದ ನಾಗೋಜಿಗೆ, ಹೊನ್ನವ್ವನಿಗೆ ಅಂದು ಹೇಳಿದ ಮಾತು ಇದ್ದಕ್ಕಿದ್ದಂತೆ ನೆನಪಾಯಿತು. ಲೆನ್ಸನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಪಾರುಪತ್ಯಗಾರ ಎದ್ದುಬಿದ್ದು ಓಡಿಬಂದ. “ನಿಲ್ಲಿಸಬೇಡ, ಹಾಗೇ ನಗುತ್ತಿರು. ಅದನ್ನು ಆಚೆಗಿಟ್ಟು ಇದನ್ನು ಹಿಡಿ,” ಎಂದು ಹೊಸ ಲೆನ್ಸನ್ನು ಮುಂದೆ ಚಾಚಿದ.

ನಾಗೋಜಿಯ ನಗು ಅಲ್ಲಿಗೇ ನಿಂತುಹೋಯಿತು. ಹೆಬ್ಬಾಗಿಲ ಹೊರಗೆ ಊರು ಇನ್ನೂ ಕಾಯುತ್ತಿತ್ತು.