ಎಳೆದಷ್ಟೂ ಬಿಗಿಯುವ ಗಂಟು

ತಪ್ಪು ನನ್ನದೇ, ಒಪ್ಪಿದೆ. ಆದರೆ ನೇಯುವವಳ ಕೈಗೆ ಹಗ್ಗ ಕೊಟ್ಟು ಕಟ್ಟು ಅಂದವರು ಯಾರು? ಸ್ಮಾರಕ ಸಮಿತಿಯ ಚನಮಲ್ಲಪ್ಪ!

ಎರಡನೆಯ ಮಹಾಯುದ್ಧದಲ್ಲಿ ತಾವಾಗಿಯೇ ಹೆಸರು ಕೊಟ್ಟು ಹೋಗಿ ಯುದ್ಧವಿಮಾನ ಹಾರಿಸಿದ ನಮ್ಮ ಸೀಮೆಯ ಐದು ಮಂದಿಗೆ ಜಮಖಂಡಿಯಲ್ಲಿ ಕಲ್ಲು ನಿಲ್ಲಿಸಿದ್ದರು. ಅವರಲ್ಲೊಬ್ಬ ನಮ್ಮ ಮುತ್ತವ್ವಜ್ಜಿಯ ಅಣ್ಣ ರಾಚಪ್ಪ. ಬರ್ಮಾ ಕಡೆ ಹಾರಿದವನು ತಿರುಗಿ ಬರಲಿಲ್ಲ, ಹೆಣವೂ ಬರಲಿಲ್ಲ. ಆಗ ಅಜ್ಜಿಗೆ ಹತ್ತು ವರ್ಷ, ಈಗ ತೊಂಬತ್ತೆರಡು.

"ಕಲ್ಲಿನ ಮ್ಯಾಲ ಅವನ ಹೆಸರು ಮೊದಲ ನಾ ಮುಟ್ಟಬೇಕು." ಇಷ್ಟೇ ಅವಳ ಆಸೆ. ಚನಮಲ್ಲಪ್ಪ ಕೇಳಿದರೆ ತಾನೇ?

"ಉದ್ಘಾಟನಿ ದಿನ ಕಲ್ಲಿನ ಪರದೆ ಸರಸವರು ಜಿಲ್ಲಾಧಿಕಾರಿ ಸಾಹೇಬ್ರು. ಅಜ್ಜಿ ಕುರ್ಚಿ ಮ್ಯಾಲ ಕುಂತು ನೋಡ್ಲಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಆದರೂ ಪರದೆ ಬನಹಟ್ಟಿಯ ನಮ್ಮ ಮಗ್ಗದ್ದೇ ಆಗಬೇಕೆಂದು ಹಟ ಹಿಡಿದು ನಾನೇ ನೇಯ್ದೆ. ಕಟ್ಟುವ ಕೆಲಸವೂ ನನ್ನ ತಲೆಗೇ ಬಂತು. ಎಳೆದರೆ ಬಿಚ್ಚುವ ಹಾಗೆ ಕಟ್ಟಬೇಕಿತ್ತು. ಗಡಿಬಿಡಿಯಲ್ಲಿ ಕೈ ತನ್ನ ರೂಢಿಯ ಗಂಟನ್ನೇ ಹಾಕಿಬಿಟ್ಟಿತು. ಮಗ್ಗದಲ್ಲಿ ಹರಿದ ಎಳೆಗೆ ಹಾಕುತ್ತೇವಲ್ಲ, ಅದು. ಎಳೆದಷ್ಟೂ ಬಿಗಿಯುತ್ತದೆ.

ಉದ್ಘಾಟನೆಯ ದಿನ ಬ್ಯಾಂಡು ಮೊಳಗಿತು. ಸಾಹೇಬರು ಹಗ್ಗ ಎಳೆದರು. ಜಪ್ಪಯ್ಯ ಅಂದರೂ ಪರದೆ ಅಲುಗಲಿಲ್ಲ. ಚನಮಲ್ಲಪ್ಪನೂ ಹಗ್ಗಕ್ಕೆ ಜೋತುಬಿದ್ದ. ಅಯ್ಯೋ ನನ್ನ ಶಿವನೇ, ಆಗ ಹೊಳೆಯಿತು ನನಗೆ! ನಾಚಿಕೆಯಿಂದ ಸತ್ತೇ ಹೋದೆ.

"ಕತ್ತರಿ ತರ್ರಿ!" ಎಂದು ಚನಮಲ್ಲಪ್ಪ ಚೀರಿದ.

"ಬಿಚ್ಚಾಕ ಬರೂ ಗಂಟಿಗಿ ಕತ್ತರಿ ಯಾಕ್ರೀ?" ಅಜ್ಜಿ ಕುರ್ಚಿಯಿಂದ ಎದ್ದೇಬಿಟ್ಟಳು. "ಕೈ ಕೊಡಬೇ ಶೇವಂತಿ. ನಾನ ಕಲಿಸಿದ ಮಗ್ಗದ ಗಂಟು ಅಂತ ಕುಂತಲ್ಲೇ ಗೊತ್ತಾತು ನನಗ."

ನನ್ನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. "ಮೊದಲ ಹಗ್ಗ ಸಡಲ ಬಿಡ್ರಿ. ಸಾಹೇಬ್ರ, ನೀವೂ ಬಿಡ್ರಿ."

ಸಾಹೇಬರು ಪಾಪ, ತೆಪ್ಪಗೆ ಬಿಟ್ಟರು. ಅಜ್ಜಿ ಗಂಟನ್ನು ಹಿಂದಕ್ಕೆ ನೂಕಿ ಉಗುರು ಹಾಕಿದಳು. ಆತು! ಬಟ್ಟೆ ಜರ್ರನೆ ಜಾರಿ ಬಿತ್ತು. ಜನ ಹೋ ಎಂದು ಕೂಗಿದರು, ಸೀಟಿ ಹೊಡೆದರು. ನಾನಂತೂ ಕುಣಿದೇಬಿಟ್ಟೆ.

ಸಾಹೇಬರು ಹಿಂದೆ ಸರಿದು ಅಜ್ಜಿಗೆ ಕೈಮುಗಿದರು. ಅವಳಿಗೆ ಓದು ಬರುವುದಿಲ್ಲ. ನಾನು ಅವಳ ಬೆರಳು ಹಿಡಿದು ಮೂರನೆಯ ಸಾಲಿನಲ್ಲಿದ್ದ ಅಣ್ಣನ ಹೆಸರಿನ ಮೇಲೆ ಇಟ್ಟೆ. ಕೊರೆದ ಅಕ್ಷರಗಳನ್ನು ಒಂದೊಂದಾಗಿ ಸವರಿದಳು. ಆಮೇಲೆ ಇಡೀ ಮೈದಾನಕ್ಕೆ ಕೇಳುವಂತೆ ಕರೆದಳು:

"ರಾಚಣ್ಣಾ, ಇನ್ನರ ಇಳಿಯೋ! ಊರು ಬಂತು!"