ಟೆಂಡರ್ ಹೊತ್ತಿಗೆ ಮಿಣುಕುವ ದೀಪ

ನಮ್ಮ ಕೊಬ್ಬರಿ ಬೆಳೆಗಾರರ ಸಂಘದಲ್ಲಿ ಈಗ ಟೆಂಡರೆಲ್ಲ ಕಂಪ್ಯೂಟರಿನಲ್ಲೇ. ವರ್ತಕರು ಮೊಬೈಲಿನಿಂದ ದರ ಹಾಕುತ್ತಾರೆ. ಬೆಳೆಗಾರರಿಗೆ ಮಾತ್ರ ಮನೆಯಲ್ಲಿ ಕೂರಲಾಗುವುದಿಲ್ಲ, ಆಫೀಸಿಗೇ ಬಂದು ಮುಗಿಬೀಳುತ್ತಾರೆ. ಒಂದು ತಿಂಗಳಿಂದ, ಟೆಂಡರ್ ಮುಗಿಯುವ ಹೊತ್ತಿಗೆ ಸರಿಯಾಗಿ ಸರ್ವರ್ ತೆವಳುತ್ತಿತ್ತು. ಕೊನೆಗೆ ಬಂದ ಒಳ್ಳೆಯ ದರಗಳು ಒಳಗೇ ಹೋಗುತ್ತಿರಲಿಲ್ಲ.

ಸರ್ವರ್ ನೋಡಿಕೊಳ್ಳುವ ಭಾನುಪ್ರಿಯಾಳ ಸೋದರಮಾವ ಕೊಬ್ಬರಿ ವರ್ತಕ. ಕಾರ್ಯದರ್ಶಿ ಕಾಡಸಿದ್ದಪ್ಪನವರಿಗೆ ಅಷ್ಟೇ ಸಾಕಾಗಿತ್ತು. ಗುಮಾಸ್ತನಾದ ನನಗೂ ಅವಳ ಮೇಲೆ ಅನುಮಾನವಿತ್ತು, ಸುಳ್ಳೇಕೆ ಹೇಳಲಿ.

"ಆ ಸರ್ವರ್ ಡಬ್ಬದ ಮೇಲಿನ ದೀಪ ನೋಡ್ಲಾ ಕಾಂತೇಶ," ಎಂದಿದ್ದರು ಅವರು. "ಬೇರೆ ಹೊತ್ನಲ್ಲಿ ಸುಮ್ನಿರ್ತದೆ. ಟೆಂಡರ್ ಮುಗಿಯೋ ಹೊತ್ಗೆ ಮಿಣಮಿಣ ಅಂತದೆ. ದರನೆಲ್ಲ ಮಾವನಿಗೆ ಸಾಗಿಸ್ತಾವ್ಳೆ ಕಣ್ಲಾ."

ಈ ಸಲವೂ ಹಾಗೇ ಆದರೆ ಅವಳನ್ನು ಕೆಲಸದಿಂದ ತೆಗೆಯುವುದೆಂದು ತೀರ್ಮಾನವಾಯಿತು. ಟೆಂಡರ್ ದಿನ ನಿರ್ದೇಶಕರೆಲ್ಲ ಅವಳ ಬೆನ್ನ ಹಿಂದೆ ನಿಂತರು. ಜನ ತುಂಬಿದರು. ದೀಪ ಮಿಣುಕಲು ಶುರುವಾಯಿತು, ದರಗಳು ನಿಂತುಬಿಟ್ಟವು.

"ಇದಕ್ಕೇನಂತೀಯಮ್ಮ?" ಎಂದರು ಕಾಡಸಿದ್ದಪ್ಪ.

"ಮೆಮೊರಿ ತುಂಬೋಗಿದೆ ಸಾರ್. ಅಂಗಳ ತುಂಬಿದ್ರೆ ಕಾಯಿನ ಅಟ್ಟಕ್ಕೆ ಹಾಕಲ್ವಾ, ಹಂಗೆ ಡಿಸ್ಕಿಗೆ ಹಾಕ್ತಿದೆ. ಬೇಕಾದಾಗ ಮತ್ತೆ ಇಳಿಸ್ಬೇಕು. ಟೆಂಡರ್ ನಡೆಸೋ ಜಾವಾ ಪ್ರೋಗ್ರಾಮು ಮೆಮೊರಿಲಿರೋ ಹಳೇ ಕಸ ಗುಡಿಸೋಕೆ ಹೊರಟ್ರೆ ಅಟ್ಟದಲ್ಲಿರೋದನ್ನೆಲ್ಲ ಇಳಿಸ್ಬೇಕು. ದೀಪ ಅದಕ್ಕೇ ಮಿಣುಕೋದು."

"ಕತೆ ಹೇಳ್ಬ್ಯಾಡ."

ಅವಳು ಕೀಲಿಮಣೆ ಬಿಡಲಿಲ್ಲ. "ಇಷ್ಟು ದಿನ ನಾನೂ ಜಾವಾ ಮೇಲೇ ಅನುಮಾನ ಪಟ್ಟೆ. ಮೆಮೊರಿ ತಿಂದಿರೋದು ಅದಲ್ಲ. ಇನ್ನೊಂದು ಪ್ರೋಗ್ರಾಮಿದೆ. ನಾನು ರಜದಲ್ಲಿದ್ದಾಗ ಯಾರೋ ಹಾಕಿದಾರೆ."

ಅದನ್ನು ತೆರೆದಳು. ಪರದೆಯ ಮೇಲೆ ಅವಳದೇ ಬೆನ್ನು, ಅವಳದೇ ಜಡೆ, ಸುತ್ತ ನಾವೆಲ್ಲ. ನಾನು ತಿರುಗಿ ನೋಡಿದೆ. ಗಡಿಯಾರದ ಪಕ್ಕ ಗುಂಡಿಯಷ್ಟು ಪುಟ್ಟ ಕ್ಯಾಮೆರಾ ಇತ್ತು.

"ಯಾರಾದ್ರೂ ಅಲ್ಲಾಡಿದ್ರೆ ಮಾತ್ರ ಇದು ರೆಕಾರ್ಡ್ ಮಾಡೋದು," ಎಂದಳು. "ಬೇರೆ ದಿನ ನಾನೊಬ್ಳೇ ಇರ್ತೀನಿ, ಇದಕ್ಕೆ ಹೆಚ್ಚು ಕೆಲಸ ಇಲ್ಲ. ಟೆಂಡರ್ ಮುಗಿಯೋ ಹೊತ್ತಿಗೆ ಊರೇ ಬಂದು ನಿಲ್ಲುತ್ತೆ. ಇರೋ ಮೆಮೊರಿನೆಲ್ಲ ಇದೇ ತಿನ್ನುತ್ತೆ."

"ಯಾರ್ರೀ ಹಾಕ್ಸಿದ್ದು ಇದ್ನ?" ಎಂದು ಕೇಳಿದರು ನಿರ್ದೇಶಕರಲ್ಲಿ ಹಿರಿಯರಾದ ಅಣ್ಣಯ್ಯ.

ಕಾಡಸಿದ್ದಪ್ಪ ಹೆಗಲ ಮೇಲಿನ ಟವೆಲ್ಲನ್ನು ಸರಿಮಾಡಿಕೊಂಡರು. "ಸಂಘದ ಜೋಪಾನಕ್ಕೆ ಅಂತ..." ಎಂದು ಅಲ್ಲಿಗೇ ನಿಲ್ಲಿಸಿದರು. ನನಗೆ ನಾಚಿಕೆಯಾಯಿತು.

ಅವಳು ಆ ಪ್ರೋಗ್ರಾಮ್ ನಿಲ್ಲಿಸಿದಳು. ಸ್ವಲ್ಪ ಹೊತ್ತಿಗೆ ದೀಪ ಸುಮ್ಮನಾಯಿತು. ಅಣ್ಣಯ್ಯ ಟೆಂಡರ್ ಹೊತ್ತು ಮುಂದಕ್ಕೆ ಹಾಕಿಸಿದರು. ಸಿಕ್ಕಿಕೊಂಡಿದ್ದ ದರಗಳೆಲ್ಲ ಒಂದರ ಹಿಂದೊಂದು ಬಂದವು.

ಜನ ಕರಗಿದ ಮೇಲೆ ಕಾಡಸಿದ್ದಪ್ಪ ಸ್ಟೂಲು ಹಾಕಿ ಕ್ಯಾಮೆರಾ ಕೀಳಲು ಹೋದರು.

"ಇರ್ಲಿ ಬಿಡಿ ಸಾರ್," ಎಂದಳು. "ಬೇರೆ ಕಂಪ್ಯೂಟರಿಗೆ ಹಾಕ್ಸಿ ಸಾಕು. ಕಾಂತೇಶಣ್ಣ, ಈ ಮೇಜು ಆ ಕಡೆ ತಿರುಗಿಸೋಣ, ಒಂದು ಕೈ ಹಿಡೀರಿ."

ತಿರುಗಿಸಿದೆವು. ಈಗ ಕ್ಯಾಮೆರಾಕ್ಕೆ ಅವಳ ಮುಖ ಕಾಣುತ್ತದೆ. ತಲೆಯೆತ್ತಿದರೆ ಅವಳಿಗೆ ಎದುರು ಕೋಣೆಯಲ್ಲಿ ಕಾರ್ಯದರ್ಶಿಗಳ ಕುರ್ಚಿ ಕಾಣುತ್ತದೆ. ಅವತ್ತಿನಿಂದ ಅವರು ಬಾಗಿಲು ಮುಚ್ಚಿಕೊಂಡೇ ಕೂರುತ್ತಾರೆ.