ಏಳು ಚೌಕಗಳ ಹಾಳೆ

ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವಿನ ಮೆಟ್ಟಿಲ ಮೇಲೆ ಕೂತು ಅವನು ಬುಧವಾರದ ಚೌಕದಲ್ಲಿ ನಾಲ್ಕು ಎಂದು ಬರೆದ. ನೀಲಿ ಪೆನ್ನನ್ನು ಜೇಬಿಗಿಟ್ಟು ಕಪ್ಪು ಪೆನ್ನು ತೆಗೆದ. ಗುರುವಾರಕ್ಕೆ ಮೂರು. ಶುಕ್ರವಾರಕ್ಕೂ ಮೂರೇ ಇರಲಿ. ದಿನಕ್ಕೊಂದರಂತೆ ಇಳಿದರೆ ಯಾರಿಗಾದರೂ ಅನುಮಾನ ಬರುತ್ತದೆ. ಶನಿವಾರದ ಅಂಕಿಯನ್ನು ಬೇಕೆಂದೇ ಸೊಟ್ಟಗೆ ಬರೆದ, ಅವಸರದಲ್ಲಿ ಬರೆದಂತೆ ಕಾಣಲಿ ಎಂದು. ಹದಿನೆಂಟು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನಿಗೆ ತಪಾಸಣೆಯ ಕಾರ್ಡು ತುಂಬುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹಾಳೆ ಕೊಟ್ಟವರು ನಾಲ್ಕನೇ ಮಹಡಿಯ ಆಪ್ತಸಮಾಲೋಚಕಿ. ವಾರಕ್ಕೆ ಏಳು ಚೌಕ. ದಿನಾ ಸಂಜೆ ಐದು ನಿಮಿಷ ಕೂತು, ಆ ದಿನದ ಹೆದರಿಕೆ ಸೊನ್ನೆಯಿಂದ ಹತ್ತರೊಳಗೆ ಎಷ್ಟಿತ್ತು ಎಂದು ಬರೆಯಬೇಕು. “ಇಲ್ಲಿ ನಾವು ಕೂರೋದು ವಾರಕ್ಕೆ ಮುಕ್ಕಾಲು ಗಂಟೆ. ಉಳಿದ ಕೆಲಸವೆಲ್ಲಾ ಹೊರಗೇ ಆಗಬೇಕು. ಈ ಹಾಳೆ ನನಗೋಸ್ಕರ ಅಲ್ಲ, ನಿಮಗೋಸ್ಕರ” ಎಂದು ಅವರು ಮೊದಲ ದಿನವೇ ಹೇಳಿದ್ದರು. ಅವನು ತಲೆಯಾಡಿಸಿದ್ದ. ಮೇಲಧಿಕಾರಿಗಳೆಲ್ಲಾ ಹೀಗೇ ಹೇಳುತ್ತಾರೆ.

ಬೆಳಿಗ್ಗೆ ಹೆಂಡತಿ ಅವನ ಶರ್ಟಿನ ಜೇಬಿನಲ್ಲಿ ಖಾಲಿ ಹಾಳೆ ನೋಡಿದ್ದಳು. “ಅಲ್ಲಾ ರೀ, ಹಲ್ಲು ನೋವು ಅಂತ ಡಾಕ್ಟರ ಹತ್ತಿರ ಹೋಗಿ ಬಾಯೇ ತೆಗೀದೆ ಬರ್ತೀರಾ? ಅವರೇನು ಹೊಟ್ಟೆಯೊಳಗೆ ಹೊಕ್ಕು ನೋಡ್ತಾರಾ? ಇರೋದನ್ನ ಇದ್ದ ಹಾಗೆ ಹೇಳಿ” ಎಂದಳು. ಅವನು ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಿದ್ದ. ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.

ಆಫೀಸಿನಲ್ಲಿ ಅವನಿಗೆ ‘ಲೆವೆಲ್’ ಎಂದೇ ಹೆಸರು. ಅವನು ಸರಿಪಡಿಸಿದ ಲಿಫ್ಟಿನ ನೆಲಕ್ಕೂ ಮಹಡಿಯ ನೆಲಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಅಂಥವನು ನಾಲ್ಕು ತಿಂಗಳ ಹಿಂದೆ ಒಂದು ಆಸ್ಪತ್ರೆಯ ಲಿಫ್ಟಿನ ತಳದ ಗುಂಡಿಗೆ ಇಳಿಯುವ ಮೊದಲು ಸ್ಟಾಪ್ ಸ್ವಿಚ್ ಒತ್ತುವುದನ್ನು ಮರೆತ. ಹೊಸಬರಿಗೆ ಅವನೇ ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಮೇಲೆ ಯಾರೋ ಲಿಫ್ಟ್ ಕರೆದರು, ಅದು ಕೆಳಗೆ ಬಂತು. ಅವನು ಅಂಗಾತ ಮಲಗಿದ. ಲಿಫ್ಟು ಮೂಗಿನಿಂದ ಒಂದು ಗೇಣು ಮೇಲೆ ನಿಂತಿತು. ನಲವತ್ತು ನಿಮಿಷ ಅವನು ಅದರ ಅಡಿಯಲ್ಲಿ ಗ್ರೀಸಿನ ವಾಸನೆ ಕುಡಿಯುತ್ತಾ ಮಲಗಿದ್ದ. ಮೈಗೆ ಒಂದು ಗೀರೂ ಆಗಿರಲಿಲ್ಲ, ಅದೇ ತೊಂದರೆಯಾಯಿತು. ಏನೂ ಆಗಿಲ್ಲವಲ್ಲ ಎಂದು ಎಲ್ಲರೂ ಬೆನ್ನು ತಟ್ಟಿದರು, ಅವನೂ ನಕ್ಕ.

ಅದಾದ ಮೇಲೆ ಅವನಿಗೆ ಯಾವ ಗುಂಡಿಗೂ ಇಳಿಯಲಾಗಲಿಲ್ಲ. ಮೇಲಿನ ಮಷಿನ್ ರೂಮು, ಬಾಗಿಲು, ದೀಪ ಎಲ್ಲಾ ನೋಡುತ್ತಿದ್ದ. ಕೆಳಗೆ ಬಂದರೆ ಏನಾದರೂ ನೆಪ ಹೇಳಿ ಹಿಂದಿರುಗುತ್ತಿದ್ದ. ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಇಳಿದು ನೋಡಬೇಕು. ಅವನು ಇಳಿಯದೆಯೇ ಕಾರ್ಡಿನಲ್ಲಿ ಟಿಕ್ ಹಾಕಿದ. ಒಂದು ಕಡೆಯಲ್ಲ, ಹನ್ನೆರಡು ಕಡೆ. ಒಂದು ದಿನ ಗುಂಡಿಯ ಹತ್ತಿರ ಸೂಪರ್‌ವೈಸರ್ ಎದುರಿಗೇ ಟಾರ್ಚ್ ಕೈಜಾರಿ ಬಿತ್ತು, ಅವನು ಹಿಂದೆ ಸರಿದ. ಆರು ಸಲ ಆಪ್ತಸಮಾಲೋಚಕಿಯನ್ನು ಕಾಣಬೇಕು, ಅವರ ಪತ್ರ ಬಂದ ಮೇಲೇ ಡ್ಯೂಟಿ, ಇಲ್ಲದಿದ್ದರೆ ಸ್ಟೋರಿನಲ್ಲಿ ಕೂತು ಬೋಲ್ಟು ಎಣಿಸುವುದು ಎಂದು ತೀರ್ಮಾನವಾಯಿತು. ವಿಳಾಸದ ಚೀಟಿ ಕೈಗೆ ಬಂದಾಗ ಅವನು ಅದನ್ನು ಎರಡು ಸಲ ಓದಿದ. ಅವನು ಇಳಿಯದೆ ಟಿಕ್ ಹಾಕಿದ್ದ ಹನ್ನೆರಡು ಕಟ್ಟಡಗಳಲ್ಲಿ ಅದೂ ಒಂದು.

ಹಾಳೆ ಮಡಚಿ, ಕರವಸ್ತ್ರದಿಂದ ಮುಖ ಒರೆಸಿಕೊಂಡು ಅವನು ಮೇಲೆ ಹತ್ತಿದ. ಇವತ್ತು ಐದನೇ ಸಲ.

ಆಪ್ತಸಮಾಲೋಚಕಿ ಹಳೆಯ ಮೂರು ಹಾಳೆಗಳ ಪಕ್ಕದಲ್ಲಿ ಹೊಸದನ್ನಿಟ್ಟು ಕನ್ನಡಕದ ಮೇಲಿನಿಂದ ನೋಡಿದರು. ಮೇಜಿನ ಮೇಲೆ ನೀರಿನ ಜಗ್ಗು, ಕಿಟಕಿಯಲ್ಲಿ ಅರ್ಧ ಒಣಗಿದ ಗಿಡ.

“ಚೆನ್ನಾಗಿ ಇಳೀತಾ ಇದೆ” ಎಂದರು.

“ಹೌದು ಮೇಡಂ.”

“ಮುಂದಿನ ವಾರದ್ದು ಕೊನೇದು. ಪತ್ರಾನ ಇವತ್ತೇ ಬರೆದಿಡ್ತೀನಿ. ಅದಾದ ಸೋಮವಾರ ನೀವು ಕೆಲಸಕ್ಕೆ ಹೋಗಬಹುದು.”

ಖುಷಿಯಾಗಬೇಕಿತ್ತು. ಇದಕ್ಕಾಗಿಯೇ ಅಲ್ಲವೇ ಎರಡು ಪೆನ್ನು ಹೊತ್ತು ತಿರುಗಿದ್ದು? ಆದರೆ ಸೋಮವಾರ ಎಂದರೆ ಗುಂಡಿ. ಕುರ್ಚಿಯ ಕೈಯನ್ನು ಅವನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಬೆರಳು ಬೆಳ್ಳಗಾಗಿದ್ದವು.

“ಅಂದ ಹಾಗೆ, ನಿಮ್ಮನ್ನೇ ಕೇಳಬೇಕು ಅಂತಿದ್ದೆ” ಎಂದರು ಅವರು, ಪತ್ರದ ಕಾಗದ ಹುಡುಕುತ್ತಾ. “ನಮ್ಮ ಲಿಫ್ಟು ಒಂದು ವಾರದಿಂದ ಕಟಕಟ ಅಂತಿದೆ. ಸೆಕ್ಯೂರಿಟಿಯವರನ್ನ ಕೇಳಿದ್ರೆ ಕಾರ್ಡ್ ತೋರಿಸ್ತಾರೆ. ಎಲ್ಲಾ ಚೆಕ್ ಆಗಿದೆ ಮೇಡಂ, ಟಿಕ್ ನೋಡಿ ಅಂತ.”

ಅವನ ಬಾಯಿ ಅವನನ್ನು ಕೇಳದೆಯೇ ಮಾತಾಡಿತು. “ಮೇಲೆ ಕೇಳ್ಸುತ್ತಾ, ಕೆಳಗಾ?”

“ಕೆಳಗೆ. ನೆಲದಡಿಯಿಂದ ಬಂದ ಹಾಗೆ.”

ಲಿಫ್ಟು ಅತಿವೇಗದಿಂದ ಬಿದ್ದರೆ ಅದನ್ನು ಹಿಡಿದು ನಿಲ್ಲಿಸಲು ಉಕ್ಕಿನ ಒಂದು ಪ್ರತ್ಯೇಕ ಹಗ್ಗವಿದೆ. ಅದನ್ನು ಬಿಗಿಯಾಗಿ ಎಳೆದಿಡುವ ತೂಕ ಗುಂಡಿಯಲ್ಲಿ ನೇತಾಡುತ್ತದೆ. ಹಗ್ಗ ಹಿಗ್ಗಿದರೆ ತೂಕ ನೆಲಕ್ಕೆ ತಾಗಿ ಕಟಕಟ ಎನ್ನುತ್ತದೆ. ಆಮೇಲೆ ಆ ಹಗ್ಗ ಸಮಯಕ್ಕೆ ಹಿಡಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಗುಂಡಿಗೆ ಇಳಿದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

“ಬರುವಾಗ ನಿಮಗೂ ಕೇಳಿಸಿರಬೇಕಲ್ಲ?”

“ನಾನು ಮೆಟ್ಟಿಲು ಹತ್ತಿ ಬರ್ತೀನಿ ಮೇಡಂ.”

“ಇವತ್ತಾ?”

“ಐದೂ ಸಲ.”

ಅವರ ಕೈ ಕಾಗದದ ಮೇಲೆ ನಿಂತಿತು. ಹೊರಗಡೆ ಲಿಫ್ಟಿನ ಬಾಗಿಲು ತೆರೆದು ಮುಚ್ಚಿದ ಸದ್ದು, ಯಾರದೋ ನಗು. ಅವನಿಗೆ ಇನ್ನು ತಡೆಯಲಾಗಲಿಲ್ಲ.

“ಆ ಕಾರ್ಡಲ್ಲಿರೋದು ನನ್ನ ಸಹಿ ಮೇಡಂ. ನಾನು ಗುಂಡಿಗೆ ಇಳೀಲಿಲ್ಲ. ಸುಮ್ನೆ ಟಿಕ್ ಹಾಕ್ದೆ. ಈ ಹಾಳೇನೂ ಅಷ್ಟೇ. ಈಗಷ್ಟೇ ಮೆಟ್ಟಿಲ ಮೇಲೆ ಕೂತು ಬರೆದಿದ್ದು. ಎಲ್ಲಾ ವಾರಾನೂ ಹಾಗೇ.”

ಅವರ ಮುಖ ಬಿಳಿಚಿಕೊಂಡಿತು. ಆಪ್ತಸಮಾಲೋಚಕಿಯರು ಸಿಟ್ಟಾಗುವುದಿಲ್ಲ ಎಂದು ಅವನು ನಂಬಿದ್ದ. “ಆ ಲಿಫ್ಟಲ್ಲಿ ದಿನಾ ನನ್ನ ಮಗಳನ್ನ ಕರ್ಕೊಂಡು ಬರ್ತೀನಿ ನಾನು” ಎಂದರು. ದನಿ ಚೂಪಾಗಿತ್ತು. ಒಂದು ಲೋಟ ನೀರು ಬಗ್ಗಿಸಿಕೊಂಡರು, ಕುಡಿಯಲಿಲ್ಲ. “ಮೊದಲು ಅದನ್ನ ನಿಲ್ಲಿಸೋದು ಹೇಗೆ, ಅದು ಹೇಳಿ.”

ಅದು ಅವನಿಗೆ ಗೊತ್ತಿದ್ದ ಕೆಲಸ. ಲಿಫ್ಟನ್ನು ಎರಡನೇ ಮಹಡಿಗೆ ಕರೆಸಿ, ಒಳಗೆ ಯಾರೂ ಇಲ್ಲವೆಂದು ನೋಡಿ, ಬಾಗಿಲ ಹತ್ತಿರವೇ ನಿಂತಿರಿ ಎಂದು ಅವರಿಗೆ ಹೇಳಿ, ಸೆಕ್ಯೂರಿಟಿಯವನಿಂದ ಕೀಲಿಗೊಂಚಲೂ ಟಾರ್ಚೂ ತರಿಸಿಕೊಂಡು, ತಾರಸಿಯ ಮಷಿನ್ ರೂಮಿಗೆ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿದ. ಅಲ್ಲಿಂದಲೇ ಸೂಪರ್‌ವೈಸರಿಗೆ ಫೋನ್ ಮಾಡಿದ.

“ಸಾರ್, ಹನ್ನೆರಡು ಕಡೆ ಗುಂಡಿಗೆ ಇಳಿದಿಲ್ಲ ನಾನು. ಇಲ್ಲಿ ತೂಕ ನೆಲಕ್ಕೆ ಬಿದ್ದಿರೋ ಹಾಗಿದೆ. ಉಳಿದ ಹನ್ನೊಂದಕ್ಕೂ ಇವತ್ತೇ ಯಾರನ್ನಾದ್ರೂ ಕಳ್ಸಿ.”

ಆ ಕಡೆಯಿಂದ ಬಂದ ಮಾತು ಬರೆಯುವಂಥದ್ದಲ್ಲ. ಕೊನೆಗೆ, “ಅಲ್ಲೇ ಇರು. ಎಲ್ಲೂ ಹೋಗಬೇಡ. ನಾನೇ ಬರ್ತೀನಿ” ಎಂದು ಫೋನ್ ಕುಕ್ಕಿದರು. ಡ್ಯೂಟಿ ಹೋಯಿತು, ಬಹುಶಃ ಸ್ಟೋರೂ ಹೋಯಿತು ಎಂದುಕೊಂಡ. ಹೆಂಡತಿಗೆ ಏನು ಹೇಳುವುದು ಎಂದು ಯೋಚಿಸುತ್ತಾ ಮೆಟ್ಟಿಲಿಳಿದ.

ನೆಲಮಹಡಿಯಲ್ಲಿ ಸೆಕ್ಯೂರಿಟಿಯವನು ಬಾಗಿಲಿಗೆ ತನ್ನ ಕುರ್ಚಿ ಅಡ್ಡ ಇಟ್ಟು, ಮೂಗು ಮುರಿಯುತ್ತಿದ್ದವರನ್ನೆಲ್ಲಾ ಮೆಟ್ಟಿಲಿನತ್ತ ಕಳಿಸುತ್ತಿದ್ದ. ಆಪ್ತಸಮಾಲೋಚಕಿ ಆಗಲೇ ಕೆಳಗಿಳಿದು ಬಂದಿದ್ದರು. ಕೈಯಲ್ಲಿ ಒಂದು ಖಾಲಿ ಹಾಳೆಯೂ ಪೆನ್ಸಿಲೂ ಇದ್ದವು.

“ನಿಮ್ಮ ಟೈಮು ಇನ್ನೂ ಹದಿನೈದು ನಿಮಿಷ ಇದೆ” ಎಂದರು. ದನಿ ಇನ್ನೂ ಪೂರ್ತಿ ಮೆತ್ತಗಾಗಿರಲಿಲ್ಲ. “ಐದು ವಾರ ದಂಡ ಮಾಡಿದೀರಿ. ಇದನ್ನಾದ್ರೂ ಬಿಡೋದು ಬೇಡ. ಇವತ್ತು ಇಳೀಬೇಡಿ. ಎಲ್ಲೀವರೆಗೆ ಹೋಗಕ್ಕಾಗುತ್ತೆ, ತೋರ್ಸಿ.”

ಅವನು ಕೀಲಿಕೈಯಿಂದ ಬಾಗಿಲು ಸರಿಸಿದ. ತಣ್ಣನೆಯ ಗಾಳಿ, ಗ್ರೀಸು, ಹಳೇ ನೀರಿನ ವಾಸನೆ ಮುಖಕ್ಕೆ ಬಡಿಯಿತು. ಎರಡು ಮಹಡಿ ಮೇಲೆ ಲಿಫ್ಟಿನ ತಳ ಕಪ್ಪಗೆ ನಿಂತಿತ್ತು. ಅವನು ಮಂಡಿಯೂರಿ, ಒಳಗೋಡೆಗೆ ಕೈ ಚಾಚಿ, ತಡಕಾಡಿ ಸ್ಟಾಪ್ ಸ್ವಿಚ್ ಒತ್ತಿದ. ಒತ್ತಿದೆನೋ ಇಲ್ಲವೋ ಎಂದು ಇನ್ನೊಮ್ಮೆ ಮುಟ್ಟಿ ನೋಡಿದ. ಟಾರ್ಚ್ ಬಿಟ್ಟ. ಗುಂಡಿಯ ಮೂಲೆಯಲ್ಲಿ ತೂಕ ನೆಲಕ್ಕೆ ಕೂತಿತ್ತು, ಹಗ್ಗ ಜೋತುಬಿದ್ದಿತ್ತು.

ಆಮೇಲೆ ಅವನು ಹೊಸ್ತಿಲ ಮೇಲೆ ಕೂತು, ಒಂದೊಂದಾಗಿ ಎರಡೂ ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟ. ಆಪ್ತಸಮಾಲೋಚಕಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಅವನ ಹಿಂದೆ ನೆಲದ ಮೇಲೇ ಕೂತರು.

“ಈಗ ಎಷ್ಟಿದೆ?”

“ಒಂಬತ್ತು.”

ಪೆನ್ಸಿಲಿನ ಸದ್ದು ಕೇಳಿಸಿತು. ಅವರು ಧೈರ್ಯ ಹೇಳಲಿಲ್ಲ, ಭೇಷ್ ಎನ್ನಲಿಲ್ಲ. ಯಾರೋ ಗೊಣಗುತ್ತಾ ಮೆಟ್ಟಿಲು ಹತ್ತಿದರು. ಹೊರಗಡೆ ಸೂಪರ್‌ವೈಸರ್ ಗಾಡಿಯ ಹಾರ್ನ್ ಕೇಳಿಸಿತು, ಗೇಟಿನಲ್ಲಿ ಯಾರೋ ಅಡ್ಡ ನಿಲ್ಲಿಸಿರಬೇಕು, ಮತ್ತೆ ಮತ್ತೆ ಕೂಗಿಸುತ್ತಿದ್ದರು. ಅವನು ಏಳಲಿಲ್ಲ. ಟಾರ್ಚಿನ ಬೆಳಕು ತೂಕದ ಮೇಲೆ ಸ್ವಲ್ಪ ಅಲುಗಾಡುತ್ತಾ ನಿಂತಿತ್ತು.

“ಈಗ?”

ಅವನು ಉಸಿರು ಬಿಟ್ಟು, ಸುಳ್ಳು ಹೇಳದಂತೆ ಲೆಕ್ಕ ಹಾಕಿ ನೋಡಿದ.

“ಎಂಟೂವರೆ” ಎಂದ.